ಟೋಪಿ, ಟೈ, ಕೈಗವಸು: ರೆನೆ ಕ್ಲೇರ್‌ನ ಮೂಕಿ ಪ್ರಹಸನ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲಿಕ್ಕೆ ಆರಿಸಿಕೊಂಡಿರುವುದು 1928ರಲ್ಲಿ ತೆರೆಕಂಡ ಒಂದು ಫ್ರೆಂಚ್ ಮೂಕಿಚಿತ್ರವನ್ನು. ಹೆಸರು ‘ಇಟಲಿಯ ಹುಲ್ಲಿನ ಟೋಪಿ’. ನಿರ್ದೇಶಕ ರೆನೆ ಕ್ಲೇರ್. ಚಿತ್ರಕ್ಕೆ ಮೂಲವಾದ ಪ್ರಹಸನ ಅದಕ್ಕಿಂತ ಮುಕ್ಕಾಲು ಶತಮಾನದ ಹಿಂದಿನದು. ಆ ನಾಟಕದಲ್ಲಿ ಮಾತು ಜಲಪಾತದ ಹಾಗೆ ಸುರಿಯುತ್ತದೆ, ನಡುನಡುವೆ ಹಾಡೂ ಬರುತ್ತದೆ. ಅದನ್ನೆಲ್ಲ ಕಳಚಿಟ್ಟ ಮೇಲೂ ಈ ಚಿತ್ರ ನಗಿಸುತ್ತದೆ. ಹೇಗೆ ಎನ್ನುವುದು ಇವತ್ತಿನ ನನ್ನ ಪ್ರಶ್ನೆ. ನಿಮ್ಮಲ್ಲಿ ರಂಗಭೂಮಿಯವರೂ ಇದ್ದೀರಿ, ಸಿನಿಮಾ ಮಾಡುವವರೂ ಇದ್ದೀರಿ. ಇಬ್ಬರಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ ಎಂದು ನಂಬಿದ್ದೇನೆ.

ಮೊದಲು ನಾಟಕ. ಬರೆದವರು ಯುಜೀನ್ ಲಬೀಷ್ ಮತ್ತು ಅವನ ಜೊತೆಗಾರ ಮಾರ್ಕ್-ಮಿಶೆಲ್. 1851ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಪಾಲೆ-ರೊಯಾಲ್ ರಂಗಮಂದಿರದಲ್ಲಿ ಮೊದಲ ಪ್ರಯೋಗ. ಐದು ಅಂಕ. ಆ ಕಾಲದ ಫ್ರೆಂಚರು ಇಂಥ ನಾಟಕವನ್ನು ವೋದವೀಲ್ ಎನ್ನುತ್ತಿದ್ದರು. ಜನರಿಗೆ ಪರಿಚಯವಿದ್ದ ಧಾಟಿಗಳಿಗೆ ಹೊಸ ಸಾಹಿತ್ಯ ಕೂಡಿಸಿ, ಪಾತ್ರಗಳು ಮಾತಿನ ಮಧ್ಯದಲ್ಲೇ ಹಾಡಿಬಿಡುವ ಹಗುರವಾದ ಹಾಸ್ಯನಾಟಕ. ಲಬೀಷ್ ಇಂಥವನ್ನು ರಾಶಿ ರಾಶಿ ಬರೆದ. ಹೆಚ್ಚಿನವು ಯಾರಾದರೂ ಒಬ್ಬ ಜೊತೆಗಾರನ ಸಂಗಡ ಕೂತು ಬರೆದವು. ಅವನ ಕಣ್ಣು ಸದಾ ಇದ್ದದ್ದು ಪ್ಯಾರಿಸ್ಸಿನ ಅನುಕೂಲಸ್ಥ ಮಧ್ಯಮವರ್ಗದ ಮೇಲೆ: ಅಂಗಡಿಯವರು, ಬಡ್ಡಿಯಲ್ಲಿ ಬದುಕುವವರು, ಮಗಳಿಗೆ ಒಳ್ಳೆಯ ಸಂಬಂಧ ಹುಡುಕುವ ಅಪ್ಪಂದಿರು.

ಕಥೆ ಹೀಗಿದೆ. ಫಾದಿನಾರ್ ಎಂಬ ತರುಣನಿಗೆ ಅಂದು ಮದುವೆ. ಬೆಳಿಗ್ಗೆ ವ್ಯಾನ್‌ಸೆನ್ ಕಾಡಿನ ದಾರಿಯಲ್ಲಿ ಬರುತ್ತಿರುವಾಗ ಅವನ ಕುದುರೆ, ಪೊದೆಯೊಂದಕ್ಕೆ ನೇತುಹಾಕಿದ್ದ ಹೆಂಗಸಿನ ಹುಲ್ಲಿನ ಟೋಪಿಗೆ ಬಾಯಿ ಹಾಕಿ ತಿಂದುಬಿಡುತ್ತದೆ. ಟೋಪಿಯ ಒಡತಿ ಅನಾಯಿಸ್ ಬೋಪರ್ತ್ವಿ, ಮದುವೆಯಾದವಳು. ಪೊದೆಯ ಹಿಂದೆ ಅವಳ ಜೊತೆಗಿದ್ದವನು ಅವಳ ಗಂಡನಲ್ಲ, ಒಬ್ಬ ಲೆಫ್ಟಿನೆಂಟ್. ಟೋಪಿಯಿಲ್ಲದೆ ಮನೆಗೆ ಹೋದರೆ ಅನುಮಾನದ ಗಂಡ ಕೇಳದೆ ಬಿಡುವವನಲ್ಲ. ಹಾಗಾಗಿ ಆ ಇಬ್ಬರೂ ಫಾದಿನಾರ್‌ನ ಬೆನ್ನು ಹತ್ತಿ, ಅವನ ಮನೆಗೇ ಬಂದು ಕೂತುಬಿಡುತ್ತಾರೆ. ತದ್ವತ್ ಅಂಥದೇ ಟೋಪಿ ತಂದುಕೊಡುವ ತನಕ ಏಳುವುದಿಲ್ಲ. ತರದಿದ್ದರೆ ಮನೆಯ ಸಾಮಾನು ಒಂದೂ ಉಳಿಯುವುದಿಲ್ಲ ಎಂದು ಲೆಫ್ಟಿನೆಂಟ್ ಗದರಿಸುತ್ತಾನೆ.

ಅತ್ತ ಮದುವೆಯ ದಿಬ್ಬಣ ಬಾಗಿಲಿಗೆ ಬಂದಾಗಿದೆ. ಹುಡುಗಿಯ ಅಪ್ಪ ನೋನಾಂಕೂರ್ ಪ್ಯಾರಿಸ್ಸಿನ ಹೊರವಲಯದಲ್ಲಿ ಸಸಿ ಬೆಳೆದು ಮಾರುವವನು, ಮುಂಗೋಪಿ. ನಾಟಕದಲ್ಲಿ ಅವನು ಮಗಳು ಹುಟ್ಟಿದ ದಿನ ನೆಟ್ಟ ಗಿಡದ ಕುಂಡವನ್ನು ಕೈಯಲ್ಲಿ ಹಿಡಿದೇ ತಿರುಗುತ್ತಾನೆ. ಏನು ಕೊಂಚ ಹೆಚ್ಚುಕಮ್ಮಿಯಾದರೂ ಒಂದೇ ಮಾತು: “ಅಳಿಯಂದ್ರೇ, ಎಲ್ಲ ಮುರಿದುಬಿತ್ತು!” ಫಾದಿನಾರ್ ಟೋಪಿ ಹುಡುಕಿಕೊಂಡು ಓಡುತ್ತಾನೆ, ದಿಬ್ಬಣ ಅವನ ಹಿಂದೆ ಓಡುತ್ತದೆ. ಅವನು ಟೋಪಿ ಅಂಗಡಿಗೆ ಹೊಕ್ಕರೆ ಬೀಗರು ಅದನ್ನೇ ನಗರಸಭೆ ಕಚೇರಿ ಅಂದುಕೊಳ್ಳುತ್ತಾರೆ. ಬ್ಯಾರನೆಸ್ ಒಬ್ಬಳ ಬಂಗಲೆಗೆ ಹೋದರೆ ಮದುವೆ ಊಟದ ಹೋಟೆಲು ಅಂದುಕೊಂಡು ನುಗ್ಗಿ ಉಣ್ಣುತ್ತಾರೆ. ಕೊನೆಗೆ ಯಾರದೋ ಮನೆಯನ್ನು ಮದುಮಗನ ಮನೆಯೆಂದು ತಿಳಿದು ಮದುಮಗಳನ್ನು ಅಲ್ಲಿ ಮಲಗಿಸಲು ಹೊರಡುತ್ತಾರೆ. ಆ ಮನೆ ಯಾರದು? ಅನಾಯಿಸ್‌ಳ ಗಂಡ ಬೋಪರ್ತ್ವಿಯದು. ಬ್ಯಾರನೆಸ್ ತನ್ನಲ್ಲಿದ್ದ ಅಂಥದೇ ಟೋಪಿಯನ್ನು ಬೋಪರ್ತ್ವಿಯ ಹೆಂಡತಿಗೆ ಕೊಟ್ಟಿದ್ದಳು, ಅದನ್ನು ಹುಡುಕಿಕೊಂಡೇ ಫಾದಿನಾರ್ ಅಲ್ಲಿಗೆ ಬಂದದ್ದು. ಅಂದರೆ ಫಾದಿನಾರ್ ಪ್ಯಾರಿಸ್ಸೆಲ್ಲ ಅಲೆದು ಹುಡುಕಿದ ಆ ಇನ್ನೊಂದು ಟೋಪಿ, ಬೆಳಿಗ್ಗೆ ಅವನ ಕುದುರೆ ತಿಂದ ಟೋಪಿಯೇ.

ತತ್ತ್ವಜ್ಞಾನಿ ಆನ್ರಿ ಬೆರ್ಗ್‌ಸನ್ 1900ರಲ್ಲಿ ನಗುವಿನ ಬಗ್ಗೆ ಪುಸ್ತಕ ಬರೆದಾಗ ಈ ನಾಟಕವನ್ನು ಉದಾಹರಣೆಗೆ ಎತ್ತಿಕೊಂಡ. ಅವನ ಪ್ರಕಾರ ಟೋಪಿ ನಾಯಕನನ್ನು ಓಡಿಸುತ್ತದೆ, ನಾಯಕ ತನಗೆ ಅಂಟಿಕೊಂಡ ಉಳಿದವರನ್ನು ಓಡಿಸುತ್ತಾನೆ. ಅಯಸ್ಕಾಂತದ ತುದಿಯಲ್ಲಿ ಕಬ್ಬಿಣದ ಪುಡಿ ಒಂದಕ್ಕೊಂದು ಜೋತುಕೊಂಡು ಬರುವ ರೀತಿ. ಕಡೆಗೆ ಗುರಿ ಮುಟ್ಟಿದೆವು ಅನ್ನುವಾಗ ಹೊರಟ ಜಾಗಕ್ಕೇ ಬಂದು ನಿಂತಿರುತ್ತೇವೆ. ಬೆರ್ಗ್‌ಸನ್ನನಿಗೆ ಆಸಕ್ತಿ ಇದ್ದದ್ದು ಆ ಯಂತ್ರದಂಥ ಚಲನೆಯಲ್ಲಿ. ಅದು ಸರಿಯೇ. ಆದರೆ ಅಯಸ್ಕಾಂತದ ಜಾಗದಲ್ಲಿ ಟೋಪಿಯೇ ಯಾಕೆ ಇರಬೇಕಿತ್ತು? ಬಳೆಯೋ ಕೊಡೆಯೋ ಯಾಕಾಗಲಿಲ್ಲ? ಇದನ್ನು ಕೇಳಿಕೊಂಡರೆ ರೆನೆ ಕ್ಲೇರ್ ಏನು ಮಾಡಿದ ಅನ್ನುವುದು ಹೆಚ್ಚು ಚೆನ್ನಾಗಿ ಕಾಣುತ್ತದೆ.

ಇಟಲಿಯ ಹುಲ್ಲಿನ ಟೋಪಿ ಎಂದರೆ ಟಸ್ಕನಿ ಪ್ರಾಂತ್ಯದ್ದು. ಫ್ಲಾರೆನ್ಸ್ ಹತ್ತಿರದ ಸಿಗ್ನಾದ ಸುತ್ತಮುತ್ತ ಈ ಕಸುಬಿಗೆಂದೇ ಗೋಧಿ ಬೆಳೆಯುತ್ತಿದ್ದರು. ಕಾಳಿಗಾಗಿ ಬೆಳೆದದ್ದಲ್ಲ, ಕಾಂಡಕ್ಕಾಗಿ. ಒತ್ತಾಗಿ ಬಿತ್ತಿ, ಬಲಿಯುವ ಮೊದಲೇ ಕಿತ್ತು, ಬಿಸಿಲಿನಲ್ಲಿ ಬಿಳಿಚಿಸಿ, ನೂಲಿನಷ್ಟು ಸಣ್ಣ ಕಡ್ಡಿಗಳನ್ನು ಹೆಂಗಸರು ಜಡೆಯ ಹಾಗೆ ಹೆಣೆದು ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಯನ್ನು ಸುತ್ತಿ ಹೊಲಿದರೆ ಟೋಪಿ. ಲಿವೋರ್ನೋ ಬಂದರಿನಿಂದ ಅದು ಯುರೋಪೆಲ್ಲ ಹೋಗುತ್ತಿತ್ತು. ಕೆಲಸ ನಯವಾದಷ್ಟೂ ಬೆಲೆ ಏರುತ್ತಿತ್ತು. ಅನಾಯಿಸ್‌ಳ ತಲೆಯ ಮೇಲೆ ಇದ್ದದ್ದು ಅಂಥ ಟೋಪಿ. ಪಕ್ಕದ ಬೀದಿಗೆ ಹೋಗಿ ಇನ್ನೊಂದು ಕೊಂಡು ತರೋಣ ಅನ್ನುವ ಹಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಕಾಲದಲ್ಲಿ ಮರ್ಯಾದಸ್ಥ ಹೆಂಗಸು ಬರಿದಲೆಯಲ್ಲಿ ಬೀದಿಗೆ ಇಳಿಯುವಂತಿರಲಿಲ್ಲ. ಟೋಪಿ ಹಾಕಿಕೊಂಡು ಮನೆಯಿಂದ ಹೊರಟವಳು ಟೋಪಿಯಿಲ್ಲದೆ ಹಿಂತಿರುಗಿದರೆ ನಡುವೆ ಏನೋ ನಡೆದಿದೆ ಎಂದೇ ಲೆಕ್ಕ. ಹೀಗೆ ಗೋಧಿಯ ಕಡ್ಡಿಯಲ್ಲಿ ಹೆಣೆದ ಒಂದು ವಸ್ತು ಒಂದು ಮನೆತನದ ಮಾನಕ್ಕೇ ಸಾಕ್ಷಿಯಾಗಿ ನಿಂತಿದೆ.

ಈಗ ಕ್ಲೇರ್ ಕಡೆಗೆ ಬರೋಣ. ಅವನ ಹುಟ್ಟುಹೆಸರು ರೆನೆ ಶೋಮೆತ್. ಪ್ಯಾರಿಸ್ಸಿನ ದೊಡ್ಡ ಮಾರುಕಟ್ಟೆ ಲೆ ಆಲ್ ಬಡಾವಣೆಯಲ್ಲಿ 1898ರಲ್ಲಿ ಹುಟ್ಟಿದವನು. ಪತ್ರಕರ್ತನಾಗಿದ್ದ, ಲೂಯಿ ಫುಯಾದ್‌ನ ಧಾರಾವಾಹಿ ಚಿತ್ರಗಳಲ್ಲಿ ನಟಿಸಿದ, ಸಿನಿಮಾ ವಿಮರ್ಶೆ ಬರೆದ. 1924ರಲ್ಲಿ ಪಿಕಾಬಿಯಾ ಎಂಬ ಚಿತ್ರಕಾರ ಮತ್ತು ಸಂಗೀತಗಾರ ಎರಿಕ್ ಸತಿಯ ಜೊತೆ ‘ಆಂತ್ರಾಕ್ತ್’ ಎಂಬ ಕಿರುಚಿತ್ರ ಮಾಡಿದ. ಅದರಲ್ಲಿ ಒಂಟೆ ಎಳೆಯುವ ಶವದ ಬಂಡಿ ಕೈತಪ್ಪಿ ಓಡುತ್ತದೆ, ಶವಯಾತ್ರೆಗೆ ಬಂದ ಗಣ್ಯರೆಲ್ಲ ಅದರ ಹಿಂದೆ ಓಡುತ್ತಾರೆ. ಸಿನಿಮಾ ಎಂದರೆ ಚಲನೆ, ರಂಗಭೂಮಿಯಿಂದ ಎರವಲು ತಂದದ್ದೆಲ್ಲ ಅದಕ್ಕೆ ಭಾರ ಎಂದು ವಾದಿಸುತ್ತಿದ್ದ ತರುಣ ಇವನು. ಇಂಥವನು ನಾಟಕ ಎತ್ತಿಕೊಂಡದ್ದೇ ಆಶ್ಚರ್ಯ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕೈತಪ್ಪಿದ ಶವಬಂಡಿಯ ಹಿಂದೆ ಓಡುವ ಗಣ್ಯರನ್ನು ಚಿತ್ರಿಸಿದವನಿಗೆ, ಮದುಮಗನ ಹಿಂದೆ ಓಡುವ ದಿಬ್ಬಣ ಎಂಥ ಸಂಪತ್ತಾಗಿ ಕಂಡಿರಬೇಕು!

ಚಿತ್ರವನ್ನು ತಯಾರಿಸಿದ್ದು ಆಲ್ಬಾತ್ರೋಸ್ ಸಂಸ್ಥೆ. ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟು ಬಂದವರು ಪ್ಯಾರಿಸ್ಸಿನ ಪಕ್ಕದ ಮೋಂತ್ರೂಯ್‌ನಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ನಡೆಸುತ್ತಿದ್ದವನು ಅಲೆಕ್ಸಾಂದ್ರ್ ಕಾಮೆಂಕಾ. ಸೆಟ್ ಹಾಕಿದ ಲಾಜಾರ್ ಮೀರ್ಸನ್ ಕೂಡ ಅಲ್ಲಿಂದಲೇ ಬಂದವನು. ಫಾದಿನಾರ್ ಆಗಿ ಆಲ್ಬೆರ್ ಪ್ರೆಜಾನ್, ಅನಾಯಿಸ್ ಆಗಿ ಒಲ್ಗಾ ಚೆಖೋವಾ, ಗಂಡನಾಗಿ ಜಿಮ್ ಜೆರಾಲ್ಡ್. ಪ್ಯಾರಿಸ್ಸಿನ ಮಧ್ಯಮವರ್ಗದ ಮನೆಯ ಒಳಾಂಗಣವನ್ನು ಅಷ್ಟು ನಿಖರವಾಗಿ ಕಟ್ಟಿದವನು ಪರದೇಶಿ ಅನ್ನುವುದನ್ನು ನೆನಪಿನಲ್ಲಿಡಿ. ಒಳಗಿದ್ದವರಿಗೆ ಕಣ್ಣಿಗೆ ಬೀಳದ ಸಾಮಾನು ಹೊರಗಿನಿಂದ ಬಂದವನಿಗೆ ಕಾಣುತ್ತದೆ.

ಕ್ಲೇರ್ ಮಾಡಿದ ಮೊದಲ ಬದಲಾವಣೆ ಕಾಲದ್ದು. 1851ರ ಕಥೆಯನ್ನು 1895ಕ್ಕೆ ತಂದ. ಲುಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಜನರಿಗೆ ಟಿಕೆಟ್ ಕೊಟ್ಟು ಚಲನಚಿತ್ರ ತೋರಿಸಿದ ವರ್ಷ ಅದು. ಚಿತ್ರದ ಕೆಲವು ಭಾಗಗಳಲ್ಲಿ ಕ್ಯಾಮೆರಾ ಆ ಮೊದಲ ದಿನಗಳಂತೆ ನೆಟ್ಟಗೆ ನಿಂತು ನೋಡುತ್ತದೆ. ಇದನ್ನು ಎಲ್ಲ ವಿಮರ್ಶಕರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಉಡುಪು. 1895ರ ಗಂಡಸಿನ ಕಾಲರ್ ಗಂಜಿ ಹಾಕಿ ಸೆಟೆದು ನಿಂತದ್ದು, ಕುತ್ತಿಗೆ ತಿರುಗಿಸಲು ಬಿಡದು. ಹೆಂಗಸಿನ ಸೊಂಟಕ್ಕೆ ಬಿಗಿದ ಕಟ್ಟು, ಮೊಣಕೈ ತನಕ ಕೈಗವಸು, ತಲೆಯ ಮೇಲೆ ಹೂವು ರಿಬ್ಬನ್ನಿನ ಗೋಪುರ. ಚಿತ್ರ ತೆರೆಗೆ ಬಂದ ಹೊತ್ತಿಗೆ ಪ್ಯಾರಿಸ್ಸಿನ ಹುಡುಗಿಯರು ಕೂದಲು ಕತ್ತರಿಸಿ ಮೊಣಕಾಲ ತನಕದ ಫ್ರಾಕು ತೊಟ್ಟು ನಡೆಯುತ್ತಿದ್ದರು. ಅವರ ಅಪ್ಪ ಅಮ್ಮಂದಿರು ಯೌವನದಲ್ಲಿ ತೊಟ್ಟ ಬಟ್ಟೆ ತೆರೆಯ ಮೇಲೆ ಬಂತು. ಬಿಡಿಸಿಕೊಂಡು ಇನ್ನೂ ಹೆಚ್ಚು ದಿನವಾಗಿರದ ಬಿಗಿತ ಅದು.

ಎರಡನೆಯದು ಇನ್ನೂ ದೊಡ್ಡದು. ಮಾತನ್ನು ಕಳೆದುಕೊಂಡ ಪಾತ್ರಗಳಿಗೆ ಕ್ಲೇರ್ ಒಂದೊಂದು ವಸ್ತುವಿನ ಕಾಟ ಅಂಟಿಸಿದ. ಕೆಲವು ನಾಟಕದಲ್ಲೇ ಇದ್ದವು, ಕೆಲವು ಅವನು ಸೇರಿಸಿದ್ದು. ಮಾವನಿಗೆ ಬೂಟು ಬಿಗಿ, ಹೆಜ್ಜೆ ಹೆಜ್ಜೆಗೂ ಮುಖ ಹಿಂಡುತ್ತಾನೆ. ನೆಂಟರ ಪೈಕಿ ಒಬ್ಬನ ಬಿಳಿ ಕೈಗವಸು ಒಂದು ಕಳೆದುಹೋಗಿದೆ, ಬರಿಗೈಯನ್ನು ಎಲ್ಲಿ ಅಡಗಿಸುವುದೆಂದು ಅವನಿಗೆ ಮದುವೆ ಮುಗಿಯುವ ತನಕ ಸಂಕಟ. ವೆಜಿನೆ ಎಂಬ ಮುದುಕ ಕಿವುಡ. ಕಿವಿಗೆ ಹಿಡಿದುಕೊಳ್ಳುವ ಕೊಳವೆ ಇದ್ದೂ ಅದು ಕಟ್ಟಿಕೊಂಡಿದೆ. ಫಲಕದ ಮೇಲೆ ಅಕ್ಷರ ಬರೆದು ತೋರಿಸುವುದು ಮೂಕಿಚಿತ್ರದ ರೂಢಿ. ಕ್ಲೇರ್ ಅದನ್ನು ಆದಷ್ಟು ಕಡಿಮೆ ಮಾಡಿದ. ಯಾರು ಏನು ಅನ್ನುವುದನ್ನು ಬೂಟು, ಕೈಗವಸು, ಕೊಳವೆಗಳೇ ತಿಳಿಸಿಬಿಡುತ್ತವೆ.

ನಗರಸಭೆಯ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಿನಿಮಾ ಕಲಿಯುವ ಹುಡುಗ ಹುಡುಗಿಯರಿಗೆ ನಾನು ಮತ್ತೆ ಮತ್ತೆ ನೋಡಿ ಎಂದು ಹೇಳುವ ದೃಶ್ಯ ಇದು. ಮದುವೆ ನೋಂದಾಯಿಸಲು ಎಲ್ಲರೂ ಮೇಯರ್ ಎದುರು ಕೂತಿದ್ದಾರೆ. ಮೇಯರ್ ಎದ್ದು ಗಂಭೀರವಾಗಿ ಭಾಷಣ ಶುರು ಮಾಡುತ್ತಾನೆ. ಒಂದು ಮಾತೂ ನಮಗೆ ಕೇಳಿಸುವುದಿಲ್ಲ, ತುಟಿ ಅಲುಗುವುದು ಮಾತ್ರ ಕಾಣುತ್ತದೆ. ಅಷ್ಟರಲ್ಲಿ ನೆಂಟಳೊಬ್ಬಳು, ಆಲಿಸ್ ತಿಸ್ಸೋ ಎಂಬ ನಟಿ, ತನ್ನ ಗಂಡನ ಟೈ ಜಾರಿದ್ದನ್ನು ನೋಡುತ್ತಾಳೆ. ನಾಲ್ಕು ಜನರ ಮಧ್ಯೆ ಬಾಯಿಬಿಟ್ಟು ಹೇಳುವಂತಿಲ್ಲ. ಕತ್ತಿನ ಹತ್ತಿರ ಕೈ ತಂದು ಸನ್ನೆ ಮಾಡುತ್ತಾಳೆ. ಗಂಡನಿಗೆ ಹೊಳೆಯುವುದಿಲ್ಲ. ಪಕ್ಕದವನು ನೋಡುತ್ತಾನೆ, ತನಗೇ ಹೇಳುತ್ತಿದ್ದಾಳೆ ಎಂದುಕೊಂಡು ತನ್ನ ಟೈ ಮುಟ್ಟಿಕೊಳ್ಳುತ್ತಾನೆ. ಅವನನ್ನು ನೋಡಿ ಇನ್ನೊಬ್ಬ. ಒಬ್ಬೊಬ್ಬರಾಗಿ ಕೋಣೆಯ ಗಂಡಸರೆಲ್ಲ ಟೈ ಸರಿಮಾಡಿಕೊಳ್ಳತೊಡಗುತ್ತಾರೆ. ಭಾಷಣದಲ್ಲಿ ಮುಳುಗಿದ್ದ ಮೇಯರ್ ಕಣ್ಣೆತ್ತುತ್ತಾನೆ, ಇಡೀ ಸಭೆ ಕುತ್ತಿಗೆ ತಡವಿಕೊಳ್ಳುತ್ತಿದೆ! ಕಾನೂನಿನ ಪ್ರತಿನಿಧಿಯಾಗಿ ನಿಂತವನ ಕೈಯೂ ಅನುಮಾನದಿಂದ ತನ್ನ ಕತ್ತಿಗೆ ಹೋಗುತ್ತದೆ. ಯಾರ ಟೈ ಜಾರಿದೆಯೋ ಅವನು ಮಾತ್ರ ನೆಮ್ಮದಿಯಾಗಿ ಕೂತಿದ್ದಾನೆ.

ಇದನ್ನು ಬಿಡಿ ನಗೆಯ ತುಣುಕು ಎಂದು ನೋಡುವವರು ಬಹಳ. ನಾನು ಒಪ್ಪುವುದಿಲ್ಲ. ಕಾಡಿನಲ್ಲಿ ಟೋಪಿ ಕಳೆದುಕೊಂಡ ಹೆಂಗಸಿನ ಭಯ ಯಾವುದೋ, ಟೈ ಜಾರಿರಬಹುದೇ ಎಂದು ಕುತ್ತಿಗೆ ತಡವಿಕೊಳ್ಳುವ ಗಂಡಸಿನ ಭಯವೂ ಅದೇ. ಒಂದು ಕೈಗವಸು ಕಳೆದುಕೊಂಡವನದೂ ಅದೇ. ನೋಡಿದವರು ಏನಂದುಕೊಂಡಾರು? ಬಟ್ಟೆಯ ಒಂದು ಚೂರು ಜಾಗ ತಪ್ಪಿದರೆ ತನ್ನ ಸ್ಥಾನವೇ ತಪ್ಪಿಹೋದೀತು ಎಂಬ ಭಯದಲ್ಲಿ ಬದುಕುವ ಜನ ಇವರು. ಲಬೀಷ್ ಒಂದು ಟೋಪಿಯಲ್ಲಿ ಇಟ್ಟಿದ್ದ ಸಂಗತಿಯನ್ನು ಕ್ಲೇರ್ ಇಡೀ ದಿಬ್ಬಣದ ಮೈಮೇಲೆ ಹರಡಿದ. ಅನಾಯಿಸ್‌ಳ ಗುಟ್ಟು ಕಾಪಾಡಲು ಓಡುತ್ತಿರುವ ಫಾದಿನಾರ್‌ನ ಹಿಂದೆ, ತಮ್ಮ ತಮ್ಮ ಪುಟ್ಟ ಗುಟ್ಟನ್ನು ಬಚ್ಚಿಟ್ಟುಕೊಂಡು ಎಲ್ಲರೂ ಓಡುತ್ತಿದ್ದಾರೆ. ನಾಟಕಕ್ಕೆ ನಿಷ್ಠನಾಗಿರುವುದು ಅಂದರೆ ಏನು ಎಂಬ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಈ ಚಿತ್ರ. ಸಂಭಾಷಣೆ ಪೂರ್ತಿ ಹೋಗಿದೆ, ಹಾಡು ಹೋಗಿದೆ. ನಾಟಕ ಕಟ್ಟಿಕೊಂಡಿದ್ದ ಅಂತರಂಗದ ಭಯ ಮಾತ್ರ ಹತ್ತು ಪಟ್ಟು ಬೆಳೆದಿದೆ.

ಮಾತು ಹೋದದ್ದರಿಂದ ಕೈಗೆ ಬಂದ ಲಾಭಗಳೂ ಇವೆ. ರಂಗದ ಮೇಲೆ ಕುದುರೆ ಟೋಪಿ ತಿನ್ನುವುದನ್ನು ತೋರಿಸಲಾಗದು. ಹಾಗಾಗಿ ನಾಟಕದಲ್ಲಿ ಫಾದಿನಾರ್ ಮೊದಲ ಅಂಕದಲ್ಲೇ ನಿಂತು ಆ ಕಥೆಯನ್ನೆಲ್ಲ ಬಾಯಲ್ಲಿ ಹೇಳಬೇಕು. ಚಿತ್ರದಲ್ಲಿ ಕುದುರೆ ಇದೆ, ಟೋಪಿ ಇದೆ, ಜಗಿಯುವುದನ್ನು ನಾವೇ ನೋಡುತ್ತೇವೆ. ಮದುವೆಯ ಶಾಸ್ತ್ರಗಳ ನಡುವೆ ಫಾದಿನಾರ್‌ನ ಮನಸ್ಸೆಲ್ಲ ಮನೆಯ ಮೇಲೆ. ಲೆಫ್ಟಿನೆಂಟ್ ಕುರ್ಚಿ ಮೇಜುಗಳನ್ನು ಕಿಟಕಿಯಿಂದ ಎಸೆಯುತ್ತಿರುವಂತೆ ಅವನಿಗೆ ಕಾಣುತ್ತದೆ, ನಮಗೂ ತೆರೆಯ ಮೇಲೆ ಅದೇ ಕಾಣುತ್ತದೆ.

ಹಾಗಾದರೆ ಕ್ಲೇರ್ ರಂಗಭೂಮಿಯನ್ನು ಚಿತ್ರದಿಂದ ಪೂರ್ತಿ ಹೊರಹಾಕಿದನೇ? ಇಲ್ಲ, ಒಂದು ಕಡೆ ಬೇಕೆಂದೇ ಒಳಗೆ ಬಿಟ್ಟುಕೊಂಡ. ಟೋಪಿ ಹುಡುಕುತ್ತ ಫಾದಿನಾರ್ ಚಿತ್ರದಲ್ಲೂ ಬೋಪರ್ತ್ವಿಯ ಮನೆಗೇ ಹೋಗಿ ನಿಲ್ಲುತ್ತಾನೆ. ಎದುರಿಗಿರುವವನೇ ಆ ಗಂಡ ಎಂದು ತಿಳಿಯದೆ, ಬೆಳಿಗ್ಗೆಯ ಪ್ರಸಂಗವನ್ನು ಅವನಿಗೇ ವಿವರಿಸುತ್ತಾನೆ. ಆಗ ತೆರೆಯ ಮೇಲೆ ಬರುವುದು ಹಳೆಯ ಕಾಲದ ಅತಿಭಾವುಕ ನಾಟಕ: ಬಣ್ಣ ಬಳಿದ ಪರದೆ, ಎದೆಗೆ ಕೈಯಿಟ್ಟು ಬಾಗುವ ಪ್ರೇಮಿ, ಕೈ ಚಾಚಿ ಬೇಡುವ ನಾಯಕಿ. ಕಾಡಿನಲ್ಲಿ ನಡೆದದ್ದನ್ನು ನಾವು ಮೊದಲೇ ಕಣ್ಣಾರೆ ಕಂಡಿದ್ದೇವೆ. ಈಗ ಅದೇ ಘಟನೆ ರಂಗದ ವೇಷ ತೊಟ್ಟು ಬರುತ್ತದೆ. ಹೇಳುತ್ತಿರುವವನಿಗೆ ಇದು ರಂಜನೆಯ ಕಥೆ. ಕೇಳುತ್ತಿರುವವನಿಗೆ ಸ್ವಂತ ಸಂಸಾರದ ಸಮಾಚಾರ. ಈ ಎರಡರ ನಡುವಿನ ಕಂದರವನ್ನು ತೋರಿಸಲು ರಂಗದ ಕೃತಕತೆ ಎಷ್ಟು ಚೆನ್ನಾಗಿ ಒದಗಿದೆ ನೋಡಿ.

ಇಲ್ಲಿ ಒಂದು ತಕರಾರನ್ನೂ ಹೇಳಲೇಬೇಕು. ಕಥೆಯ ಮುಕ್ತಾಯ ನೆನಪಿಸಿಕೊಳ್ಳಿ. ಕಿವುಡ ವೆಜಿನೆ ಮದುವೆಗೆ ಉಡುಗೊರೆಯೆಂದು ತಂದ ಪೆಟ್ಟಿಗೆಯೊಳಗೆ ಇದ್ದದ್ದು ಇಟಲಿಯ ಹುಲ್ಲಿನ ಟೋಪಿ. ಫಾದಿನಾರ್ ದಿನವೆಲ್ಲ ಹುಡುಕಿದ್ದು ತನ್ನ ಉಡುಗೊರೆಗಳ ನಡುವೆಯೇ ಇತ್ತು. ಅದು ಅನಾಯಿಸ್‌ಳ ತಲೆ ಸೇರುತ್ತದೆ. ಗಂಡನ ಎದುರು ಅವಳು ಟೋಪಿ ಧರಿಸಿ ನಿಲ್ಲುತ್ತಾಳೆ. ಸತ್ಯವನ್ನೇ ಶಂಕಿಸಿದ ಗಂಡ ಸುಳ್ಳನಾಗುತ್ತಾನೆ. ಎಲ್ಲರ ಮರ್ಯಾದೆ ಉಳಿಯಿತು. ಆದರೆ ಮದುಮಗಳು ಎಲೆನ್? ನಾಟಕದಲ್ಲಿ ಅವಳಿಗಿರುವ ದೊಡ್ಡ ದೂರು ಬೆನ್ನಿಗೆ ಚುಚ್ಚುವ ಒಂದು ಗುಂಡುಸೂಜಿ. ಚಿತ್ರದಲ್ಲೂ ಅವಳು ಬಿಳಿ ಬಟ್ಟೆಯೊಳಗೆ ಕಾಯುತ್ತಲೇ ಇರುತ್ತಾಳೆ. ತನ್ನ ಮದುವೆಯ ದಿನ ಗಂಡ ಎಲ್ಲಿಗೆ ಓಡಿದ, ಯಾಕೆ ಓಡಿದ ಎಂದು ಕೇಳುವ ಒಂದು ಗಳಿಗೆಯನ್ನೂ ಇಬ್ಬರು ಲೇಖಕರಾಗಲಿ ಕ್ಲೇರ್ ಆಗಲಿ ಅವಳಿಗೆ ಕೊಡಲಿಲ್ಲ. ಉಳಿದ ಒಬ್ಬೊಬ್ಬ ನೆಂಟನಿಗೂ ಅಷ್ಟು ಗಮನ ಕೊಟ್ಟವನು ಅವಳನ್ನು ಅಲಂಕಾರದ ಗೊಂಬೆಯಾಗಿ ಬಿಟ್ಟದ್ದು ನನಗೆ ಈ ಚಿತ್ರದ ನಿಜವಾದ ಕೊರತೆಯಾಗಿ ಕಾಣುತ್ತದೆ.

ನಾಟಕಕ್ಕೆ ಆಮೇಲೂ ಹಲವು ಜನ್ಮಗಳಾದವು. 1936ರಲ್ಲಿ ಆರ್ಸನ್ ವೆಲ್ಸ್ ನ್ಯೂಯಾರ್ಕಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಆಡಿಸಿದ, ಇಟಲಿಯ ನೀನೋ ರೋಟಾ ಒಪೆರಾ ಮಾಡಿದ, ಅದು 1955ರಲ್ಲಿ ಪಲೆರ್ಮೋದಲ್ಲಿ ರಂಗಕ್ಕೆ ಬಂತು. ಲಬೀಷ್ 1880ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ. ಅವನ ಟೋಪಿಯನ್ನು ತೆರೆಗೆ ತಂದ ಕ್ಲೇರ್ ಸರಿಯಾಗಿ 80 ವರ್ಷದ ನಂತರ, 1960ರಲ್ಲಿ, ಅದೇ ಅಕಾಡೆಮಿಗೆ ಆಯ್ಕೆಯಾದ. ಪ್ರಹಸನ ಬರೆದವನಿಗೂ ಸಿನಿಮಾ ಮಾಡಿದವನಿಗೂ ಆ ಬಾಗಿಲು ತೆರೆದದ್ದು ನನಗೆ ಸಂತೋಷ ಕೊಡುವ ಸಂಗತಿ.

ಈ ಚಿತ್ರದ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವ ಒಂದು ಪ್ರಶ್ನೆ ಇದೆ: ಎರಡು ಮೂರು ವರ್ಷ ತಡವಾಗಿ ಮಾಡಿದ್ದರೆ ಧ್ವನಿ ಸಿಗುತ್ತಿತ್ತಲ್ಲ, ಲಬೀಷ್‌ನ ಮಾತುಗಳನ್ನೂ ಉಳಿಸಿಕೊಳ್ಳಬಹುದಿತ್ತಲ್ಲ? ಇದಕ್ಕೆ ಕ್ಲೇರ್‌ನ ಕೆಲಸದಲ್ಲೇ ಉತ್ತರವಿದೆ. ಧ್ವನಿ ಬಂದ ಮೇಲೆ, 1931ರಲ್ಲಿ, ಅವನು ಇನ್ನೊಂದು ರಂಗಪ್ರಹಸನವನ್ನು ಎತ್ತಿಕೊಂಡು ‘ಲ ಮಿಲಿಯೋಂ’ ಎಂಬ ಚಿತ್ರ ಮಾಡಿದ. ಅಲ್ಲೂ ಹುಡುಕಾಟದ ಕಥೆಯೇ: ಬಹುಮಾನ ಬಂದ ಲಾಟರಿ ಟಿಕೆಟ್ಟು ಹಳೆಯ ಕೋಟಿನ ಜೇಬಿನಲ್ಲಿದೆ, ಕೋಟು ಕೈಯಿಂದ ಕೈಗೆ ಹೋಗುತ್ತಿದೆ. ಒಪೆರಾ ಮಂದಿರದಲ್ಲಿ ಆ ಕೋಟಿಗಾಗಿ ಎಲ್ಲರೂ ಮುಗಿಬಿದ್ದು ಕಿತ್ತಾಡುತ್ತಾರೆ. ಒಬ್ಬ ಕೋಟು ಬಗಲಲ್ಲಿಟ್ಟು ಓಡುತ್ತಾನೆ, ಉಳಿದವರು ಅವನ ಮೇಲೆ ಬೀಳುತ್ತಾರೆ. ಧ್ವನಿ ಕೈಯಲ್ಲಿದೆ, ಯಾರ ಬಾಯಲ್ಲಿ ಬೇಕಾದರೂ ಮಾತು ಹಾಕಬಹುದಿತ್ತು. ಕ್ಲೇರ್ ಆ ದೃಶ್ಯಕ್ಕೆ ಹಾಕಿದ್ದು ರಗ್ಬಿ ಪಂದ್ಯದ ಸದ್ದು: ಕಾಣದ ಪ್ರೇಕ್ಷಕರ ಗದ್ದಲ, ರೆಫರಿಯ ಸೀಟಿ. ಕೋಟು ಚೆಂಡಾಯಿತು. ಧ್ವನಿಯೂ ವಸ್ತುವಿನ ಹಿಂದೆಯೇ ಓಡಿತು.